ದೀಪದ ಹೊತ್ತೂ ಆಟದ ಹೊತ್ತೂ

ಟೆಲಿವಿಷನ್ನಿನಲ್ಲಿ ಆಟದ ವಿಚಾರ ಹೇಳುವವನ ಮುಖವು ಅಷ್ಟು ಕಳೆಕಳೆಯಾಗಿ ಕಾಣುವುದೇಕೆಂದು ವಾಚಕರು ಯೋಚಿಸಿರಬಹುದು. ಅದು ಮೂರು ದೀಪಗಳ ಮಹಿಮೆ. ಮುಖದ ಒಂದು ಪಕ್ಕಕ್ಕೆ ಪ್ರಧಾನ ದೀಪ. ಅದು ಬೀಳಿಸಿದ ನೆರಳನ್ನು ಮೃದುಗೊಳಿಸಲು ಇನ್ನೊಂದು ಪಕ್ಕದಲ್ಲಿ ಮಂದ ದೀಪ. ತಲೆ ಹೆಗಲುಗಳನ್ನು ಹಿನ್ನೆಲೆಯಿಂದ ಬೇರ್ಪಡಿಸಿ ತೋರಲು ಹಿಂದಿನಿಂದ ಮೂರನೆಯದು. ನೆರಳನ್ನು ಪೂರ್ತಿಯಾಗಿ ಅಳಿಸುವುದಿಲ್ಲ. ಅಳಿಸಿದರೆ ಮುಖವು ಚಪ್ಪಟೆಯಾಗುವುದು.

ಮೈದಾನದ ಧರ್ಮವೇ ಬೇರೆ. ಅಲ್ಲಿ ಎತ್ತರದ ಕಂಬಗಳಿಂದ, ಹಲವು ದಿಕ್ಕುಗಳಿಂದ, ಬೆಳಕು ಸಮನಾಗಿ ಸುರಿಯಬೇಕು. ಆದುದರಿಂದಲೇ ರಾತ್ರಿಯ ಆಟದಲ್ಲಿ ಒಬ್ಬನ ಕಾಲಬುಡದಲ್ಲಿ ನಾಲ್ಕು ತೆಳುನೆರಳುಗಳು ಕಾಣುವುದುಂಟು.

ಅಮೆರಿಕದ ಸಿನ್ಸಿನಾಟಿಯಲ್ಲಿ 1935ರ ಮೇ 24ರಂದು ಮೇಜರ್ ಲೀಗ್ ಬೇಸ್‌ಬಾಲಿನ ಮೊದಲ ರಾತ್ರಿಯಾಟ ನಡೆಯಿತು. ಅಧ್ಯಕ್ಷ ರೂಸ್‌ವೆಲ್ಟರು ವಾಷಿಂಗ್‌ಟನ್ನಿನಲ್ಲಿ ಕುಳಿತು ಗುಂಡಿಯೊತ್ತಿ ದೀಪ ಹೊತ್ತಿಸುವ ಸನ್ನೆ ಕೊಟ್ಟರು. ಹಗಲೆಲ್ಲ ದುಡಿಯುವವನಿಗೂ ಆಟ ನೋಡಲು ಸಾಧ್ಯವಾಯಿತು. ಮುಂದೆ ಟೆಲಿವಿಷನ್ ಜಾಲಗಳು ಬಂದವು. ಸಂಜೆಯ ನಂತರವೇ ಮನೆಮಂದಿಯೆಲ್ಲ ಪೆಟ್ಟಿಗೆಯ ಮುಂದೆ ಸೇರುವರೆಂಬುದು ಅವರಿಗೆ ಗೊತ್ತು. 1970ರಲ್ಲಿ ಎಬಿಸಿಯವರು ಸೋಮವಾರದ ರಾತ್ರಿಯನ್ನೇ ಫುಟ್‌ಬಾಲಿಗೆ ಮೀಸಲಿಟ್ಟರು.

ಚಿಕಾಗೋವಿನ ರಿಗ್ಲಿ ಮೈದಾನದವರು ಮಾತ್ರ ಬಹುಕಾಲ ಹಗಲಿನಲ್ಲಿಯೇ ಆಡಿದರು. ಸುತ್ತಣ ಮನೆಗಳವರು ರಾತ್ರಿಯ ಗದ್ದಲ ಬೇಡವೆಂದು ವಿರೋಧಿಸಿದರು. ದೀಪವಿಲ್ಲದಿದ್ದರೆ ಋತುವಿನ ಕೊನೆಯ ದೊಡ್ಡ ಪಂದ್ಯಗಳನ್ನು ಬೇರೆ ಊರಿಗೆ ಒಯ್ಯುವೆವೆಂಬ ಎಚ್ಚರಿಕೆಯೂ ಬಂದಿತು. ಕಡೆಗೆ 1988ರ ಆಗಸ್ಟ್ 8ರಂದು ದೀಪ ಹೊತ್ತಿತು. ಅಂದು ಮಳೆ ಬಂದು ಆಟ ನಿಂತಿತು, ಮೊದಲ ಪೂರ್ಣ ರಾತ್ರಿಯಾಟ ಮರುದಿನ ನಡೆಯಿತು. ಆದರೆ ವರ್ಷಕ್ಕೆ ಇಷ್ಟೇ ರಾತ್ರಿಯಾಟಗಳೆಂದು ನಗರಸಭೆಯು ಮಿತಿ ಹಾಕಿತು.

ನನಗೆ ಈ ಮಿತಿಯ ಮಾತು ಬಹಳ ಹಿಡಿಸಿತು. ನಮ್ಮ ಮನೆಯಲ್ಲಿಯೂ ಇದೇ ವ್ಯಾಜ್ಯ. ದಣಿದು ಬಂದ ಮಗನಿಗೆ ಆಟವೊಂದೇ ವಿಶ್ರಾಂತಿ. ದೀಪ ಹಚ್ಚಿ ನಾಲ್ಕು ಮಾತನಾಡುವ ಹೊತ್ತೂ ಅದೇ ಎಂದು ನನ್ನ ತಾಯಿಯವರ ಕೊರಗು. ಇಬ್ಬರ ಮಾತೂ ನ್ಯಾಯವೇ. ಅವಳಿಗೆ ಎಂಬತ್ತು ದಾಟಿತು. ಆಟಗಳು ನಾಳೆಯೂ ಇರುತ್ತವೆ. ಆದುದರಿಂದ ವಾರಕ್ಕೆ ಮೂರು ರಾತ್ರಿ ಆಟ, ಮಿಕ್ಕ ದಿನ ಅಜ್ಜಿಯ ಮಾತು ಎಂದು ನಾವು ಗೊತ್ತುಮಾಡಿಕೊಂಡೆವು. ಮೊದಲ ವಾರವೇ ಅಜ್ಜಿಯು ಮೊಮ್ಮಗನ ಪಕ್ಕದಲ್ಲಿ ಕುಳಿತು, ಆಟಗಾರನಿಗೆ ನಾಲ್ಕು ನೆರಳೇಕೆಂದು ಕೇಳಿದಳು.