ಅಜ್ಜಿಯ ಕುರ್ಚಿಗೆ ಹೊಸ ಗಾದಿ

ನಮ್ಮ ಮನೆಯಲ್ಲಿ ಒಂದು ಸಾಗವಾನಿ ಕುರ್ಚಿ ಇದೆ. ನಾನು ಕೆಲಸಕ್ಕಿದ್ದ ಬ್ಯಾಂಕ್ ಶಾಖೆಗೆ ಉಕ್ಕಿನ ಕುರ್ಚಿಗಳು ಬಂದಾಗ, ಹಳೆಯವನ್ನು ಸಿಬ್ಬಂದಿಗೇ ಮಾರಿದರು. ನಾನು 22 ರೂಪಾಯಿ ಕೊಟ್ಟು ತಂದೆ. ಕಟ್ಟಿಗೆ ಇಂದಿಗೂ ಗಟ್ಟಿ. ಕೂರುವ ಜಾಗ ಮಾತ್ರ ಕುಸಿದು ಬಾವಿಯಾಗಿತ್ತು.

ನನ್ನ ಹೆಂಡತಿಗೆ ಎರಡೂ ಮಂಡಿ ನೋವು. ಹೊಸ ಸೋಫಾ ಮೆತ್ತಗೆ, ತಗ್ಗು. ಅದರಲ್ಲಿ ಕೂತರೆ ಏಳಲು ಇನ್ನೊಬ್ಬರ ಕೈ ಬೇಕು. ಕಳೆದ ಬೇಸಿಗೆಯಲ್ಲಿ ಆರನೆಯ ತರಗತಿಯ ಮೊಮ್ಮಗಳು ನನ್ನ ಕಿವಿಯಲ್ಲಿ ಹೇಳಿದಳು: "ಅಜ್ಜಾ, ಅಜ್ಜಿ ನೀರೇ ಕುಡೀವಲ್ಲಳು. ಘಳಿಗೆಗೊಮ್ಮೆ ಏಳಬೇಕಾಗ್ತದಂತ." ಕಲಬುರಗಿಯ ಬಿಸಿಲು ಬಲ್ಲವರಿಗೆ ಇದರ ಅಪಾಯ ಬಿಡಿಸಿ ಹೇಳಬೇಕಿಲ್ಲ.

ಮೊದಲು ಅಳತೆ. ಊಟದ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಹಳೆಯ ಪತ್ರಿಕೆಗಳ ಕಟ್ಟು ಒಂದೊಂದಾಗಿ ಇಡುತ್ತ ಹೋದೆವು. 18 ಅಂಗುಲಕ್ಕೆ ಬಂದಾಗ ಅಜ್ಜಿ ಯಾರ ಕೈಯನ್ನೂ ಹಿಡಿಯದೆ ಎದ್ದಳು. ನಮ್ಮ ಕುರ್ಚಿಯಲ್ಲಿ ಉಳಿದಿದ್ದದ್ದು 14.

ಸೂಪರ್ ಮಾರ್ಕೆಟ್ಟಿನ ಅಂಗಡಿಯವರೊಬ್ಬರು ನಕ್ಕರು. "ಹಳೇದಕ್ಕ ಯಾಕ ರೊಕ್ಕ ಹಾಕ್ತೀರಿ ಸರ್, ಹೊಸಾದು ಒಯ್ಯಿರಿ." ಲೆಕ್ಕ ಬರೆದೇ ಬದುಕಿದವನು ನಾನು, ಸುಮ್ಮನೆ ಎರಡು ಅಂಗುಲದ ನವಾರು, ಗೋಣಿತಟ್ಟು, ತೆಂಗಿನ ನಾರು, ಸಣ್ಣ ಮೊಳೆ ತಂದೆ. ರೆಕ್ಸಿನ್ ಬೇಡವೆಂದೆ, ನಮ್ಮ ಸೆಕೆಗೆ ಅದು ಮೈಗೆ ಅಂಟುತ್ತದೆ. (ರೆಕ್ಸಿನ್ ಎಂಬುದು ಮೊದಲು ಇಂಗ್ಲೆಂಡಿನಲ್ಲಿ ಮ್ಯಾಂಚೆಸ್ಟರ್ ಬಳಿ ತಯಾರಾಗುತ್ತಿದ್ದ ಕೃತಕ ಚರ್ಮದ ಹೆಸರು ಮಕ್ಕಳೇ, ಈಗ ಅಂಥ ಎಲ್ಲಕ್ಕೂ ಅದೇ ಹೆಸರು.) ದಪ್ಪ ಹತ್ತಿ ಬಟ್ಟೆ ಸಾಕು. ಹತ್ತಿ ಕಮಲಾಪುರದ ತಂಗಿಯ ಮನೆಯಿಂದ ಬಂತು, ಅವಳ ಹಳೆಯ ಗಾದಿಯದು. ಜೊತೆಗೆ ಅಲ್ಲಿಯ ಕೆಂಪು ಬಾಳೆಹಣ್ಣನ್ನೂ ಕೊಟ್ಟಿದ್ದಳು. ಅವು ಬಸ್ಸಿನಲ್ಲೇ ಮುಗಿದವು.

ಬಿಚ್ಚುವ ಕೆಲಸವೇ ದೊಡ್ಡದು. ಪ್ರತಿ ಪದರ ತೆಗೆಯುವ ಮೊದಲು ಮೊಮ್ಮಗಳು ಫೋಟೋ ತೆಗೆದಳು, ಮತ್ತೆ ಜೋಡಿಸುವಾಗ ಅದೇ ನಕ್ಷೆ. ಮೊಳೆಯನ್ನು ಕಟ್ಟಿಗೆಯ ಎಳೆ ಹೋದ ಕಡೆಗೇ ಎಬ್ಬಿಸಬೇಕು, ಅಡ್ಡ ಎಬ್ಬಿಸಿದರೆ ಕಟ್ಟಿಗೆ ಸೀಳುತ್ತದೆ. ಒಟ್ಟು 163 ಮೊಳೆ, ಎಣಿಸಿದವಳು ಅವಳೇ. ನಾರಿನ ನಡುವೆ ಕೆಂಪು-ನೀಲಿ ಪೆನ್ಸಿಲಿನ ತುಂಡು ಮತ್ತು ಐದು ಪೈಸೆಯ ಒಂದು ನಾಣ್ಯ ಸಿಕ್ಕವು. "ಇದಕ್ಕೇನು ಬರ್ತದ?" ಎಂದಳು. 25 ಪೈಸೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ಮುಗಿಯಿತು ಎಂದೆ. ಆದರೂ ಅದು ಅವಳ ಕಂಪಾಸು ಡಬ್ಬಿ ಸೇರಿದೆ.

ಕುರ್ಚಿಯ ಜೀವ ಇರುವುದು ನವಾರಿನಲ್ಲಿ. ಒಂದು ತುದಿಗೆ ಮೊಳೆ ಹೊಡೆದು, ಇನ್ನೊಂದನ್ನು ಕಟ್ಟಿಗೆಯ ತುಂಡಿಗೆ ಸುತ್ತಿ, ಚೌಕಟ್ಟಿಗೆ ಒತ್ತಿ ಸನ್ನೆಗೋಲಿನಂತೆ ಬಗ್ಗಿಸಿದರೆ ಬಿಗಿ ಬರುತ್ತದೆ. ಬರಿಗೈಯಿಂದ ಎಳೆದರೆ ಅಷ್ಟು ಬಾರದು. ಅಡ್ಡ ಪಟ್ಟಿಗಳನ್ನು ಉದ್ದದವುಗಳ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹೆಣೆದೆವು. ಬೆರಳಿಂದ ತಟ್ಟಿದರೆ ಹಲಗೆಯಂತೆ ಸದ್ದು ಬಂತು. ಮೇಲೆ ಗೋಣಿತಟ್ಟು, ಬಿಸಿಲಿಗೆ ಒಣಗಿಸಿ ಬಿಡಿಸಿದ ನಾರು, ಅದರ ಮೇಲೆ ಹತ್ತಿ. ಫೋಮ್ ಸುಲಭ ನಿಜ, ಆದರೆ ಅಗ್ಗದ್ದು ಬೇಗ ಕುಸಿಯುತ್ತದೆ, ಮತ್ತೆ ಬಾವಿ. ಬಟ್ಟೆಗೆ ನಾಲ್ಕೂ ಬದಿಯ ನಡುವೆ ಮೊದಲು ಅರ್ಧ ಮೊಳೆ ಹೊಡೆದು, ಎಳೆದು ನೋಡಿ, ಆಮೇಲೆ ಮೂಲೆಗಳ ಕಡೆ ಸರಿದೆವು.

ಎತ್ತರ 19 ಅಂಗುಲ. ಕೂತಾಗ ಒಂದು ಅಂಗುಲ ಒತ್ತುತ್ತದೆ. ಖರ್ಚು 900 ರೂಪಾಯಿ ದಾಟಲಿಲ್ಲ. ದಿನಗಳು ಮಾತ್ರ ಒಂಬತ್ತು.

ಅಜ್ಜಿ ಕೂತಳು, ಎರಡೂ ಕೈ ಹಿಡಿಕೆಗಳ ಮೇಲೆ ಊರಿ ಎದ್ದಳು, ಮತ್ತೆ ಕೂತಳು, ಮತ್ತೆ ಎದ್ದಳು. ಬಟ್ಟೆಯ ಬಣ್ಣ ಚೆನ್ನಾಗಿಲ್ಲ ಅಂದಳು. ಪಕ್ಕದಲ್ಲಿಟ್ಟ ತಾಮ್ರದ ತಂಬಿಗೆಯನ್ನು ಈಗ ದಿನಕ್ಕೆ ಮೂರು ಸಲ ತುಂಬಬೇಕು. ಅದನ್ನೂ ಅವಳೇ ತುಂಬಿಕೊಳ್ಳುತ್ತಾಳೆ.