ಮಹಬೂಲಾದ ಬೇಲಿಯೊಳಗೆ

ರಾಯಚೂರು ಹತ್ತಿರದ ಶಕ್ತಿನಗರದ ಥರ್ಮಲ್ ವಿದ್ಯುತ್ ಸ್ಥಾವರದಲ್ಲಿ ಯೂನಿಟ್ ನಿಂತರೆ ನಮ್ಮಂಥವರ ಒಲೆ ಹತ್ತುತ್ತದೆ. ನಾನು ಗುತ್ತಿಗೆ ವೆಲ್ಡರ್. ಯೂನಿಟ್ ಸುಸೂತ್ರವಾಗಿ ಓಡುವಷ್ಟು ದಿನ ನಮಗೆ ಕರೆ ಕಡಿಮೆ. ಬಾಯ್ಲರ್ ಟ್ಯೂಬ್ ಒಡೆದಾಗ, ಇಲ್ಲವೇ ಓವರ್‌ಹಾಲ್‌ಗೆಂದು ಯೂನಿಟ್ ನಿಲ್ಲಿಸಿದಾಗ ಫೋನ್ ಬರುತ್ತದೆ. ಆಮೇಲೆ ಹಗಲು ರಾತ್ರಿ ಕೆಲಸ. ಅಪ್ಪ ದೇವದುರ್ಗ ತಾಲ್ಲೂಕಿನ ಹಳ್ಳಿಯಿಂದ ಥರ್ಮಲ್ ಕಟ್ಟುವ ಕೂಲಿಗೆ ಬಂದವನು. 1985ರಲ್ಲಿ ಮೊದಲ ಯೂನಿಟ್ ಶುರುವಾಯಿತು, 2010ಕ್ಕೆ ಎಂಟನೆಯದು ಬಂತು. 210 ಮೆಗಾವಾಟಿನವು ಏಳು, 250ರದ್ದು ಒಂದು. ಅಪ್ಪ ಇಟ್ಟಿಗೆ ಹೊತ್ತ ಜಾಗದಲ್ಲೇ ನಾನು ವೆಲ್ಡಿಂಗ್ ಕಲಿತೆ.

ನಮ್ಮ ಕೆಲಸವನ್ನು ಎಚ್‌ಪಿ, ಅಂದರೆ ಹೈ ಪ್ರೆಶರ್ ವೆಲ್ಡಿಂಗ್ ಅನ್ನುತ್ತಾರೆ. ಬಾಯ್ಲರಿನ ಗೋಡೆಯ ಉದ್ದಕ್ಕೂ ಟ್ಯೂಬುಗಳು ಒತ್ತೊತ್ತಾಗಿ ನಿಂತಿರುತ್ತವೆ. ಹಿಂಬದಿಗೆ ಕೈ ಹೋದರೂ ಕಣ್ಣು ಹೋಗುವುದಿಲ್ಲ. ಅಲ್ಲಿ ಒಂದು ಕನ್ನಡಿ ಸಿಕ್ಕಿಸಿ, ಅದರಲ್ಲಿ ಕಾಣುವ ತಿರುವುಮುರುವಾದ ಜಾಯಿಂಟ್ ನೋಡುತ್ತ ವೆಲ್ಡ್ ಮಾಡಬೇಕು. ಆಮೇಲೆ ಎಕ್ಸ್‌ರೇ ತೆಗೆಯುತ್ತಾರೆ. ಸೂಜಿಮೊನೆಯಷ್ಟು ಗಾಳಿ ಉಳಿದಿದ್ದರೂ ಕತ್ತರಿಸಿ ಮತ್ತೆ ಮಾಡಬೇಕು. ಈ ಕೈ ಇದ್ದವರಿಗೆ ಹೊರಗೂ ಬೇಡಿಕೆ ಇದೆ. ಬಳ್ಳಾರಿ, ರಾಮಗುಂಡಂ ಥರ್ಮಲುಗಳಲ್ಲಿ ದುಡಿದ ಮೇಲೆ ಹೈದರಾಬಾದಿನ ಒಬ್ಬ ಏಜೆಂಟ್ ಕುವೈತಿನ ಮಾತು ತಂದ. ಮೂರು ತಿಂಗಳ ಶಟ್‌ಡೌನ್ ಕೆಲಸ, ಊಟ ವಸತಿ ಅವರದೇ. ಒಂದು ದಿನಾರ್ ಅಂದರೆ ಆಗ ಹೆಚ್ಚುಕಡಿಮೆ 240 ರೂಪಾಯಿ. ಹೆಂಡತಿಯ ಬಂಗಾರ ಒತ್ತೆ ಇಟ್ಟು ಏಜೆಂಟನ ದುಡ್ಡು ಕಟ್ಟಿದೆ. ಮೂರು ತಿಂಗಳಿಗೆ ಬಿಡಿಸಿಕೊಳ್ಳಬಹುದು ಅನ್ನುವ ಲೆಕ್ಕ.

2020ರ ಜನವರಿ ಕೊನೆಯಲ್ಲಿ ಶಂಷಾಬಾದಿನಿಂದ ವಿಮಾನ ಹತ್ತಿದೆ. ಬ್ಯಾಗಿನಲ್ಲಿ ಎರಡು ಜೊತೆ ಬಟ್ಟೆ, ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ. ವಿಸಾ ವಿಸಿಟ್ ವಿಸಾ. ಅಲ್ಪಾವಧಿ ಕೆಲಸಕ್ಕೆ ಅದೇ ಕೊಡುತ್ತಾರೆ ಅಂದರು, ನಂಬಿದೆ.

ಕುವೈತಿನವರು ಚಳಿಗಾಲದಲ್ಲೇ ಯೂನಿಟ್ ನಿಲ್ಲಿಸಿ ದುರಸ್ತಿ ಮುಗಿಸುತ್ತಾರೆ. ಬೇಸಿಗೆ ಬಂತೆಂದರೆ ದೇಶಕ್ಕೆ ದೇಶವೇ ಏಸಿ ಹಾಕಿಕೊಂಡು ಕೂರುವುದರಿಂದ ಒಂದು ಯೂನಿಟನ್ನೂ ನಿಲ್ಲಿಸುವ ಹಾಗಿಲ್ಲ. ನಮ್ಮನ್ನು ಬಸ್ಸಿನಲ್ಲಿ ದಕ್ಷಿಣಕ್ಕೆ, ಸಮುದ್ರದ ದಂಡೆಯ ಅಲ್ ಜೌರ್ ಸ್ಥಾವರಕ್ಕೆ ಒಯ್ಯುತ್ತಿದ್ದರು. ಉಗಿಯ ಯೂನಿಟುಗಳು ಒಂದೊಂದೂ 300 ಮೆಗಾವಾಟಿನವು. ಎಣ್ಣೆ, ಗ್ಯಾಸು ಉರಿಸುವ ಬಾಯ್ಲರುಗಳು. ಕಲ್ಲಿದ್ದಲು ಇಲ್ಲದ, ಹಾರುಬೂದಿ ಇಲ್ಲದ ಥರ್ಮಲನ್ನು ನಾನು ಮೊದಲು ಕಂಡದ್ದು ಅಲ್ಲೇ. ಅದಕ್ಕಿಂತ ಬೆರಗು ಹುಟ್ಟಿಸಿದ್ದು ನೀರು. ನಮ್ಮಲ್ಲಿ ಕೃಷ್ಣೆಯ ನೀರು ಎತ್ತಿ ಉಗಿ ಮಾಡುತ್ತಾರೆ, ಬೇಸಿಗೆಯಲ್ಲಿ ಹೊಳೆ ಇಳಿದರೆ ಎಲ್ಲರ ಕಣ್ಣೂ ಅಲ್ಲೇ. ಕುವೈತಿಗೆ ಹೊಳೆಯೇ ಇಲ್ಲ. ಟರ್ಬೈನಿನಿಂದ ತೆಗೆದ ಉಗಿಯಿಂದ ಸಮುದ್ರದ ನೀರನ್ನು ಕಾಯಿಸಿ, ಒಂದಾದ ಮೇಲೊಂದು ಕೋಣೆಗೆ ಬಿಟ್ಟು ಆವಿ ಮಾಡಿ, ಆ ಆವಿಯನ್ನು ತಣಿಸಿ ಸಿಹಿನೀರು ಮಾಡುತ್ತಾರೆ. ಕರೆಂಟೂ ಕುಡಿಯುವ ನೀರೂ ಒಂದೇ ಬೇಲಿಯೊಳಗೆ ಹುಟ್ಟುತ್ತವೆ. ಬಾಯ್ಲರ್ ನಿಂತರೆ ಅಲ್ಲಿಯವರ ಕೊಡವೂ ಬರಿದು. ಅದು ಗೊತ್ತಾದ ಮೇಲೆ ನನ್ನ ಜಾಯಿಂಟಿನ ಮೇಲೆ ನನಗೇ ಗೌರವ ಹೆಚ್ಚಾಯಿತು.

ವಸತಿ ಮಹಬೂಲಾದಲ್ಲಿ. ಕಡಲ ಬದಿಯ ಆ ಬಡಾವಣೆಯ ತುಂಬ ಎತ್ತರದ ಕಟ್ಟಡಗಳು, ಒಳಗೆಲ್ಲ ನಮ್ಮ ಹಾಗೆ ದುಡಿಯಲು ಬಂದ ಗಂಡಸರು. ಒಂದು ಕೋಣೆಗೆ ಮೇಲೊಂದು ಕೆಳಗೊಂದು ಮಂಚ, ಆರು ಜನ. ಒಡಿಶಾದವರು, ಬಿಹಾರದವರು, ಕಡಪ ಜಿಲ್ಲೆಯ ಒಬ್ಬ ಹಿರಿಯ. ಕಡಪದ ಕಡೆಯವರು ಕುವೈತಿನಲ್ಲಿ ಎಲ್ಲಿ ನೋಡಿದರೂ ಸಿಗುತ್ತಾರೆ. ರಾಯಚೂರು ಸೀಮೆಯವರಿಗೆ ತೆಲುಗು, ಉರ್ದು ಎರಡೂ ಸಂತೆಯಲ್ಲೇ ಬಂದಿರುತ್ತವೆ, ಹಾಗಾಗಿ ಮಾತಿಗೆ ಕೊರತೆ ಆಗಲಿಲ್ಲ. ನಾನು ಆತನನ್ನು ಅಣ್ಣಾ ಅಂದೆ, ಆತ ನನ್ನನ್ನು ತಮ್ಮುಡು ಅಂದ.

ಮೊದಲ ವಾರಗಳು ಹೇಗೋ ಕಳೆದವು. ಮೂರು ತಿಂಗಳಿಗೆ ಬಂದವರು ಯಾರೂ ಅಲ್ಲಿ ಸಂಸಾರ ಹೂಡುವುದಿಲ್ಲ. ಪಾತ್ರೆ ಕೊಳ್ಳುವುದಿಲ್ಲ, ಬಟ್ಟೆಯನ್ನು ಬ್ಯಾಗಿನಿಂದ ತೆಗೆದಿಡುವುದಿಲ್ಲ, ಪಕ್ಕದ ಕೋಣೆಯವನ ಹೆಸರು ಕೇಳುವುದಿಲ್ಲ. ಕಂಪನಿಯ ಡಬ್ಬಿ ಊಟ, ದಪ್ಪ ಅಕ್ಕಿಯ ಅನ್ನ, ದಿನವೂ ಅದೇ ಬೇಳೆ. ಹೊಟ್ಟೆ ಕೆಟ್ಟರೆ 50 ಫಿಲ್ಸ್ ಕೊಟ್ಟು ಒಂದು ಕಟ್ಟು ಖುಬೂಸ್ ರೊಟ್ಟಿ ತಂದು ಚಹಾದಲ್ಲಿ ಅದ್ದಿ ತಿನ್ನುವುದು. ಇನ್ನೇನು ಏಪ್ರಿಲ್ ಬಂತಲ್ಲ ಅನ್ನುವುದು.

ಅಷ್ಟರಲ್ಲಿ ಕೊರೊನಾ ಬಂತು. ಮಾರ್ಚ್ 13ರಿಂದ ಕುವೈತ್ ವಿಮಾನಗಳನ್ನು ನಿಲ್ಲಿಸಿತು. 22ರಂದು ನಮ್ಮ ದೇಶವೂ ಹೊರಗಿನ ವಿಮಾನಗಳಿಗೆ ಬಾಗಿಲು ಹಾಕಿತು, ಅದೇ ದಿನ ಕುವೈತಿನಲ್ಲಿ ಸಂಜೆಯಿಂದ ನಸುಕಿನವರೆಗೆ ಕರ್ಫ್ಯೂ ಬಂತು. 25ರಂದು ಯುಗಾದಿ. ಊರಿನಲ್ಲಿ ಲಾಕ್‌ಡೌನಿನ ಮೊದಲ ದಿನ. ಅವ್ವ ಫೋನಿನಲ್ಲಿ ಅಂದಳು: “ಬೇವು ತಿಂದಿಯೇನಪ್ಪಾ? ಇಲ್ಲಿ ಸೂಗೂರೇಶ್ವರನ ಗುಡಿ ಬಾಗಿಲಾ ಹಾಕ್ಯಾರ.” ಬೇವು ಎಲ್ಲಿಂದ ತರಲಿ? ಮೆಂತ್ಯದ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡೆ.

ಏಪ್ರಿಲ್ 6ರಂದು ಮಹಬೂಲಾ ಮತ್ತು ಜಲೀಬ್ ಅಲ್ ಶುಯೂಖ್ ಎಂಬ ಎರಡು ಬಡಾವಣೆಗಳನ್ನು ಸರ್ಕಾರ ಪೂರಾ ಮುಚ್ಚಿತು. ಬಾಡಿಗೆ ಕೋಣೆಗಳಲ್ಲಿ ಒತ್ತಾಗಿರುವ ಕೂಲಿಕಾರರಲ್ಲಿ ರೋಗ ಬೇಗ ಹರಡುತ್ತದೆ ಎಂಬುದು ಕಾರಣ, ಅದು ಸುಳ್ಳೂ ಅಲ್ಲ. ರಸ್ತೆಗಳ ತುದಿಗೆ ತಂತಿಬೇಲಿ ಬಂತು, ಪೊಲೀಸರು ನಿಂತರು. ಎರಡು ವಾರ ಅಂದವರು ಜುಲೈವರೆಗೂ ತೆಗೆಯಲಿಲ್ಲ. ನಮ್ಮ ಬಸ್ಸು ನಿಂತಿತು. ಕೆಲಸ ನಿಂತಿತು. ನಮ್ಮನ್ನು ಕರೆತಂದ ಗುತ್ತಿಗೆದಾರ ಕೆಲವು ದಿನ ಅಕ್ಕಿ ಬೇಳೆ ಕಳಿಸಿದ, ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟ. ಮೇ ಬರುತ್ತಿದ್ದಂತೆ ಬಿಸಿಲು ಏರಿತು. ಆ ವರ್ಷ ಇನ್ನು ಯಾವ ಯೂನಿಟನ್ನೂ ದುರಸ್ತಿಗೆ ನಿಲ್ಲಿಸುವುದಿಲ್ಲ, ಬೇಲಿ ತೆಗೆದರೂ ನಮಗೆ ಕೆಲಸವಿಲ್ಲ ಅನ್ನುವುದು ಖಾತ್ರಿಯಾಯಿತು.

ಆಗ ಗೊತ್ತಾಯಿತು, ಅಲ್ಪಾವಧಿಗೆ ಬಂದವನು ಆ ದೇಶದ ಯಾವ ಪುಸ್ತಕದಲ್ಲೂ ಇಲ್ಲ. ಕುವೈತಿನಲ್ಲಿ ಬದುಕು ನಡೆಯುವುದು ಸಿವಿಲ್ ಐಡಿ ಎಂಬ ಕಾರ್ಡಿನ ಮೇಲೆ. ಆಸ್ಪತ್ರೆಗೂ ಅದೇ, ಊರಿಗೆ ದುಡ್ಡು ಕಳಿಸುವ ಎಕ್ಸ್‌ಚೇಂಜಿಗೂ ಅದೇ. ಮೇ 10ರಿಂದ 30ರವರೆಗೆ ಇಡೀ ದೇಶಕ್ಕೆ ಹಗಲೂ ರಾತ್ರಿ ಕರ್ಫ್ಯೂ ಹಾಕಿದರಲ್ಲ, ಆಗ ಜಮಿಯಾ ಅನ್ನುವ ಸಹಕಾರಿ ಅಂಗಡಿಗೆ ಹೋಗಲು ಮೊದಲು ಆನ್‌ಲೈನಿನಲ್ಲಿ ಸಮಯ ಪಡೆಯಬೇಕಿತ್ತು, ಅದಕ್ಕೂ ಸಿವಿಲ್ ಐಡಿಯ ನಂಬರೇ ಬೇಕು. ವಿಸಿಟ್ ವಿಸಾದವನ ಹತ್ತಿರ ಅದು ಇರುವುದಿಲ್ಲ. ವಿಸಾದ ಅವಧಿಯನ್ನು ಸರ್ಕಾರ ತಾನಾಗಿಯೇ ಮುಂದಕ್ಕೆ ಹಾಕಿತು, ಆ ಉಪಕಾರ ದೊಡ್ಡದು, ಜೈಲಿನ ಭಯ ಹೋಯಿತು. ಆದರೆ ಉಪ್ಪು ಕೊಳ್ಳಲು ಇನ್ನೊಬ್ಬನ ಕಾರ್ಡು ಬೇಕು.

ಆ ದಿನಗಳಲ್ಲಿ ನಾನು ಮಂಚ ಬಿಟ್ಟು ಏಳುತ್ತಿರಲಿಲ್ಲ. ಇವತ್ತು ವಿಮಾನ ಬಿಡುತ್ತಾರೆ, ನಾಳೆ ಬಿಡುತ್ತಾರೆ ಎಂದು ಫೋನ್ ತಿಕ್ಕುತ್ತ ಮಲಗುವುದು. ಮೇ 7ರಿಂದ ಹೊರದೇಶದಲ್ಲಿ ಸಿಕ್ಕಿಕೊಂಡವರನ್ನು ಕರೆತರುವ ವಂದೇ ಭಾರತ್ ವಿಮಾನಗಳು ಶುರುವಾದವು, 9ರಂದು ಕುವೈತಿನಿಂದ ಹೈದರಾಬಾದಿಗೇ ಒಂದು ಹೋಯಿತು. ರಾಯಭಾರ ಕಚೇರಿಯಲ್ಲಿ ಹೆಸರು ಬರೆಸಿದ್ದೆ. ಬಸುರಿಯರು, ರೋಗಿಗಳು, ಮುದುಕರು ಮೊದಲು. ಅದು ನ್ಯಾಯವೇ. ಆದರೂ ಆ ರಾತ್ರಿ ಸದ್ದಾಗದ ಹಾಗೆ ಬಾಯಿಗೆ ಟವೆಲ್ ಇಟ್ಟುಕೊಂಡು ಅತ್ತೆ. ಊರಿನಲ್ಲಿ ಸಾವಕಾರನ ಬಡ್ಡಿ ನಿಂತಿರಲಿಲ್ಲ.

ಕಡಪದ ಅಣ್ಣ ಆ ಹೊತ್ತಿನಲ್ಲಿ ನನ್ನನ್ನು ಎಬ್ಬಿಸಿದ. ಬಯ್ಯಲಿಲ್ಲ. “ತಮ್ಮುಡು, ಬ್ಯಾಗಿನಿಂದ ಬಟ್ಟೆ ತೆಗೆ, ಹಗ್ಗಕ್ಕೆ ಹಾಕು. ವಿಮಾನ ಬಂದ ದಿನ ಮತ್ತೆ ತುಂಬೋಣ” ಅಂದ. ಅಷ್ಟೇ. ಅವತ್ತು ಬಟ್ಟೆ ತೆಗೆದೆ. ತನ್ನ ಕಾರ್ಡಿನಲ್ಲಿ ಸಮಯ ಪಡೆದು ಆತ ಜಮಿಯಾಕ್ಕೆ ಹೋದಾಗ ಜೋಳದ ಹಿಟ್ಟಿನ ಒಂದು ಪೊಟ್ಟಣ ತಂದ. ಅದೇ ಕಟ್ಟಡದ ಬಂಗಾಳಿಯೊಬ್ಬ ಹಳೆಯ ತವಾ ಕೊಟ್ಟ.

ಹುಟ್ಟಿದಾಗಿನಿಂದ ರೊಟ್ಟಿ ತಿಂದವನು, ಬಡಿದವನಲ್ಲ. ಅವ್ವ ವಿಡಿಯೊ ಕಾಲಿನಲ್ಲಿ ಕೂತಳು. “ತಣ್ಣೀರ ಹಾಕಬ್ಯಾಡ ಯಪ್ಪಾ, ಎಸರ ಕುದಿಸಿ ಹಾಕು, ಆವಾಗ ಹಿಟ್ಟಿಗೆ ಜಿಗಿ ಬರ್ತದ. ಅಂಗೈ ಹಿಂಬಡಿಲೆ ನಾದು.” ಬೋರಲು ಹಾಕಿದ ತಟ್ಟೆಯ ಮೇಲೆ ಹಿಟ್ಟು ಉದುರಿಸಿ ಬಡಿದೆ. ಮೊದಲ ದಿನದ ರೊಟ್ಟಿ ತವಾದ ಮೇಲೆ ಮೂರು ಹೋಳಾಯಿತು. ಅವ್ವ ಆ ಕಡೆಯಿಂದಲೇ ಒದ್ದೆ ಬಟ್ಟೆ ಎಲ್ಲಿ ಒರೆಸಬೇಕು, ಯಾವಾಗ ತಿರುವಬೇಕು ಹೇಳಿದಳು. ವಾರದೊಳಗೆ ದುಂಡಗೆ ಬಂತು, ಉಬ್ಬಿತು. ಬದನೆಕಾಯಿ ಎಣ್ಣೆಗಾಯಿ ಮಾಡಿದೆ. ಕಡಪದ ಅಣ್ಣ ರಾಗಿ ಸಂಗಟಿ ಕಲಿಸಿದ. ಒಡಿಶಾದ ಹುಡುಗರು ನೀರನ್ನದ ಪಖಾಳ ಮಾಡಿದರು, ಆ ಬಿಸಿಲಿಗೆ ಅದಕ್ಕಿಂತ ಒಳ್ಳೆಯ ಊಟ ಇನ್ನೊಂದಿಲ್ಲ. ಆರು ಜನರ ಅಡುಗೆ ನನ್ನದೇ ಆಯಿತು. ಕೈಗೆ ಕೆಲಸ ಬಂದ ಮೇಲೆ ರಾತ್ರಿ ನಿದ್ದೆಯೂ ಬಂತು.

ಬಿಸಿಲಿನ ಬಗ್ಗೆ ಹೇಳಬೇಕು. ರಾಯಚೂರಿನವನಿಗೆ ಬಿಸಿಲೇನು ಹೊಸದೇ ಎಂದು ಎಲ್ಲರೂ ಅಂದಿದ್ದರು. ನಮ್ಮಲ್ಲಿ ಸಂಜೆಗೆ ಕಟ್ಟೆಯ ಮೇಲೆ ನೀರು ಚೆಲ್ಲಿದರೆ ಕೂರಬಹುದು. ಕುವೈತಿನ ಮಿತ್ರಿಬಾ ಎಂಬಲ್ಲಿ 2016ರ ಜುಲೈ 21ರಂದು 53.9 ಡಿಗ್ರಿ ದಾಖಲಾಗಿದೆ. ಜೂನ್‌ನಲ್ಲಿ ಮಾಳಿಗೆಯ ಟ್ಯಾಂಕಿನ ನೀರು ನಲ್ಲಿಯಲ್ಲಿ ಕೈ ಸುಡುವಷ್ಟು ಬಿಸಿ. ಅಲ್ಲಿನ ಹಳಬರು ಒಂದು ಉಪಾಯ ಹೇಳಿಕೊಟ್ಟರು. ಗೀಸರಿನ ಸ್ವಿಚ್ ಆರಿಸಿಬಿಡುವುದು. ಅದು ಏಸಿ ಇರುವ ಒಳಕೋಣೆಯಲ್ಲಿ ಇರುವುದರಿಂದ ಅದರೊಳಗಿನ ನೀರು ತಣ್ಣಗಾಗುತ್ತದೆ. ಬಿಸಿನೀರಿನ ನಲ್ಲಿ ತಿರುಗಿಸಿದರೆ ತಣ್ಣೀರು. ಪಾಳಿ ಹಾಕಿಕೊಂಡು, ತಲೆಗೆ ಒಂದೇ ಬಕೆಟ್ ಅಂತ ಮಿಂದೆವು.

ಬಿಹಾರದ ಹುಡುಗನೊಬ್ಬನಿಗೆ ಜ್ವರ ಬಂತು. ಆಂಬುಲೆನ್ಸ್ ಬಂದು ಒಯ್ದಿತು. ಚಿಕಿತ್ಸೆಗೆ ದುಡ್ಡು ಕೇಳಲಿಲ್ಲ, ಗುಣವಾಗಿ ಬಂದ. ಅವನು ಬರುವವರೆಗೆ ಉಳಿದ ಐವರು ಒಬ್ಬರ ಮುಖ ಒಬ್ಬರು ನೋಡಲೂ ಹೆದರುತ್ತಿದ್ದೆವು. ಅಂಥ ಕೋಣೆಗಳ ಇನ್ನೊಂದು ಅಪಾಯ ಕಂಡದ್ದು ಆಮೇಲೆ. ನಾಲ್ಕು ವರ್ಷದ ಮೇಲೆ, 2024ರ ಜೂನ್ 12ರಂದು, ಅಲ್ಲಿಗೆ ಹತ್ತಿರದ ಮಂಗಾಫಿನಲ್ಲಿ ಕೂಲಿಕಾರರ ಕಟ್ಟಡಕ್ಕೆ ಬೆಂಕಿ ಬಿದ್ದು 40ಕ್ಕೂ ಹೆಚ್ಚು ಭಾರತೀಯರು ಸತ್ತರು. ಅವರಲ್ಲಿ ಒಬ್ಬರು ಕಲಬುರಗಿ ಜಿಲ್ಲೆ ಆಳಂದ ತಾಲ್ಲೂಕಿನವರು. ಟಿವಿಯಲ್ಲಿ ಆ ಕಟ್ಟಡ ನೋಡಿದಾಗ ನಮ್ಮ ಮಂಚಗಳ ಸಾಲು, ಒಂದೇ ಮೆಟ್ಟಿಲು, ಬಾಗಿಲ ಬಳಿಯ ಗ್ಯಾಸ್ ಸಿಲಿಂಡರ್ ಎಲ್ಲ ಕಣ್ಣಿಗೆ ಬಂದವು. ಅಂಥ ಕೋಣೆಗಳಲ್ಲಿ ಮನುಷ್ಯರನ್ನು ತುಂಬಬಾರದು. ಯಾವ ದೇಶದಲ್ಲೂ ತುಂಬಬಾರದು.

ಬೇಲಿಯೊಳಗಿದ್ದಾಗ ನನಗಿದ್ದ ಇನ್ನೊಂದು ಭಯ ಕೈಯದು. ಎಚ್‌ಪಿ ವೆಲ್ಡರನ ಕೈ ತಿಂಗಳುಗಟ್ಟಲೆ ಸುಮ್ಮನಿದ್ದರೆ ನಡುಕ ಬರುತ್ತದೆ. ಗಡ್ಡ ಕೆರೆಯುವ ಕನ್ನಡಿಯನ್ನು ಮಂಚದ ಕಾಲಿಗೆ ಕಟ್ಟಿ, ಅದರಲ್ಲಿ ನೋಡುತ್ತ ಮಂಚದ ಕೊಳವೆಯ ಹಿಂಬದಿಗೆ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದೆ. ಬುಡದಿಂದ ಶುರು, ಉಸಿರು ಹಿಡಿದು, ಗೆರೆ ಎಲ್ಲೂ ದಪ್ಪವಾಗಬಾರದು, ಕಡಿಯಬಾರದು. ದಿನವೂ ಬೆಳಿಗ್ಗೆ ಅದು. ಕೋಣೆಯವರು ಸುತ್ತ ನಿಂತು ನೋಡುತ್ತಿದ್ದರು. ಒಡಿಶಾದ ಒಬ್ಬ ಹೆಲ್ಪರ್ ಹುಡುಗ ತಾನೂ ಕಲಿತ, ಈಗ ಅಂಗುಲ್ ಕಡೆ ವೆಲ್ಡರನಾಗಿದ್ದಾನೆ.

ಜುಲೈ ಕೊನೆಯಲ್ಲಿ ಸೀಟು ಸಿಕ್ಕಿತು. ಟಿಕೆಟ್ಟಿನ ದುಡ್ಡನ್ನು ಕಡಪದ ಅಣ್ಣ ಕೈಗಡ ಕೊಟ್ಟ. ನಮಗೆ ಬಟವಾಡೆಯಾಗಿದ್ದ ಮೊದಲ ತಿಂಗಳ ಸಂಬಳವನ್ನು ತನ್ನ ಕಾರ್ಡಿನಲ್ಲಿ ಮನೆಗೆ ಕಳಿಸಿಕೊಟ್ಟವನೂ ಆತನೇ. ಹೈದರಾಬಾದಿನಲ್ಲಿ ಹೋಟೆಲ್ ಕ್ವಾರಂಟೈನ್ ಮುಗಿಸಿ, ಮಹಬೂಬ್‌ನಗರ, ಮಖ್ತಲ್ ದಾಟಿ ಕೃಷ್ಣೆಯ ಸೇತುವೆಗೆ ಬಂದೆ. ಸೇತುವೆ ಇಳಿದರೆ ಶಕ್ತಿನಗರ. ಅವ್ವನನ್ನು ದೂರದಿಂದ ನೋಡಿ, ಮತ್ತೆ ಒಂದು ವಾರ ಹಿಂದಿನ ಕೋಣೆಯಲ್ಲಿ ಒಬ್ಬನೇ ಇದ್ದೆ.

ಬಂಗಾರ ಬಿಡಿಸಿಕೊಳ್ಳಲು ಆಮೇಲೆ ಒಂದೂವರೆ ವರ್ಷ ಹಿಡಿಯಿತು. ಕಡಪದ ಅಣ್ಣನ ಕೈಗಡ ಅದಕ್ಕೂ ಮೊದಲೇ ತೀರಿಸಿದೆ. ಬಾಕಿ ಸಂಬಳಕ್ಕಾಗಿ ವಿದೇಶಾಂಗ ಇಲಾಖೆಯ ಮದದ್ ಪೋರ್ಟಲಿನಲ್ಲಿ ದೂರು ಹಾಕಿದೆ, ಹಾಜರಿ ಚೀಟಿಗಳ ಫೋಟೊ ಜೊತೆಗೆ. ಅರ್ಧ ಬಂತು. ಈಗ ನಮ್ಮ ಕಡೆಯ ಹುಡುಗರು ಒಮಾನ್, ಸೌದಿಯ ಶಟ್‌ಡೌನ್ ಕೆಲಸಕ್ಕೆ ಹೊರಡುವ ಮುಂಚೆ ನನ್ನ ಹತ್ತಿರ ಬರುತ್ತಾರೆ. ವಿಸಾ ಯಾವುದು, ಅಲ್ಲಿಯ ಗುರುತಿನ ಕಾರ್ಡು ಕೊಡುತ್ತಾರೋ ಇಲ್ಲವೋ, ಒಪ್ಪಂದದ ಕಾಗದ ಯಾರ ಹೆಸರಿನಲ್ಲಿದೆ ಎಂದು ಕೇಳುತ್ತೇನೆ. ಕಾಗದ ತರದವರನ್ನು ವಾಪಸ್ ಕಳಿಸುತ್ತೇನೆ, ತಂದ ಮೇಲೆ ಕೂತು ಪೂರಾ ಓದುತ್ತೇವೆ. ನನ್ನ ಉಳಿದರ್ಧ ಸಂಬಳ ಇನ್ನೂ ಬಂದಿಲ್ಲ. ದೂರಿನ ನಂಬರ್ ಇಟ್ಟುಕೊಂಡಿದ್ದೇನೆ, ಬಿಟ್ಟಿಲ್ಲ.