ಹೂ ಹಾಡಿದವರು, ಹೂ ಬೆಳೆದವರು

ನಮ್ಮ ಮಂಡ್ಯ ಸೀಮೆಯ ಸಾಹಿತ್ಯವನ್ನು ಗಿಡಮರಗಳ ಹೆಸರು ಹಿಡಿದೇ ನೆನಪಿಟ್ಟುಕೊಳ್ಳಬಹುದು. ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ 1915ರಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರು ಕನ್ನಡಕ್ಕೆ ಕೊಟ್ಟದ್ದು ‘ಮೈಸೂರು ಮಲ್ಲಿಗೆ’. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಪು.ತಿ.ನ. ತಮ್ಮ ಒಂದು ಪ್ರಬಂಧ ಸಂಕಲನಕ್ಕೆ ಇಟ್ಟ ಹೆಸರು ‘ಈಚಲುಮರದ ಕೆಳಗೆ’. ಅಲ್ಲಿ ಕೂತು ಮಜ್ಜಿಗೆ ಕುಡಿದರೂ ಜನ ಏನೆನ್ನುತ್ತಾರೆಂದು ಗೊತ್ತಿದ್ದೇ ಇಟ್ಟಿರಬೇಕು! ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು ಕಾಫಿಯ ಮೇಲೆಯೇ ‘ಬೆಟ್ಟದಿಂದ ಬಟ್ಟಲಿಗೆ’ ಎಂಬ ಪುಸ್ತಕ ಬರೆದರು. ಅದೇ ತಾಲ್ಲೂಕಿನ ಬೆಳ್ಳೂರಿನ ಬಿ.ಎಂ.ಶ್ರೀ ಹುಟ್ಟಿದ್ದು ತಾಯಿಯ ತವರಿನಲ್ಲಿ. ಆ ಊರಿನ ಹೆಸರು ಸಂಪಿಗೆ.

ಇಷ್ಟೆಲ್ಲ ಹೂವು, ಮರ ಇರುವ ಸಾಹಿತ್ಯದಲ್ಲಿ ಗಿಡ ನೆಟ್ಟವರು, ಕಳೆ ಕಿತ್ತವರು, ನೀರು ಹಾಯಿಸಿದವರು ಎಲ್ಲಿದ್ದಾರೆ ಎಂಬುದು ನನ್ನನ್ನು ಬಹಳ ದಿನದಿಂದ ಕಾಡುತ್ತಿರುವ ಪ್ರಶ್ನೆ. ಕನ್ನಡ ಎಂ.ಎ. ಓದುವಾಗ ಅಷ್ಟಾದಶ ವರ್ಣನೆಗಳನ್ನು ಬಾಯಿಪಾಠ ಮಾಡಿದ್ದೆವು. ಮಹಾಕಾವ್ಯವೆಂದರೆ ಅದರಲ್ಲಿ ವನದ ವರ್ಣನೆ ಇರಲೇಬೇಕು. ಆ ವನಗಳಲ್ಲಿ ಮಾವು ಚಿಗುರುತ್ತದೆ, ಕೋಗಿಲೆ ಕೂಗುತ್ತದೆ, ವಿರಹಿಗಳು ಬೇಯುತ್ತಾರೆ. ಗುದ್ದಲಿ ಹಿಡಿದವರು ಮಾತ್ರ ಅಪರೂಪ.

ಈ ಪ್ರಶ್ನೆ ನನಗೆ ಹುಟ್ಟಿದ್ದು ತರಗತಿಯಲ್ಲಲ್ಲ, ದೊಡ್ಡವ್ವನಿಂದ. ಶ್ರೀರಂಗಪಟ್ಟಣ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅವಳಿಗೆ ಅರ್ಧ ಎಕರೆ ಮಲ್ಲಿಗೆ ಇತ್ತು. ಮೈಸೂರು ಮಲ್ಲಿಗೆ ಎಂದು ಪ್ರಸಿದ್ಧವಾದ ಹೂ ಮೈಸೂರಿನ ಸುತ್ತ ಮಾತ್ರವಲ್ಲ, ಶ್ರೀರಂಗಪಟ್ಟಣ ತಾಲ್ಲೂಕಿನಲ್ಲೂ ಬೆಳೆಯುತ್ತದೆ. ನಾನು ಕಾಲೇಜಿನಲ್ಲಿದ್ದಾಗ ನರಸಿಂಹಸ್ವಾಮಿಯವರ ಹಾಡುಗಳನ್ನು ಗುನುಗುತ್ತಾ ಅವಳ ಜೊತೆ ಹೂ ಬಿಡಿಸಲು ಹೋಗುತ್ತಿದ್ದೆ. “ಹೂವು ಅರಳಿರೋದು ನೋಡೋಕೆ ಎಷ್ಟು ಚೆಂದ ಅಲ್ವಾ ದೊಡ್ಡವ್ವ?” ಎಂದು ಒಮ್ಮೆ ಕೇಳಿದಾಗ ಅವಳು ನಕ್ಕು, “ಅರಳುದ್ರೆ ಕೆಟ್ಟೋಯ್ತು ಕಣವ್ವ. ಕಣ್ಣು ಬುಟ್ಟ ಹೂವ ಯಾರು ಕೊಂಡಾರು?” ಅಂದಳು.

ಮಲ್ಲಿಗೆಯನ್ನು ಮೊಗ್ಗಿನಲ್ಲೇ, ಬಿಸಿಲೇರುವ ಮೊದಲೇ ಬಿಡಿಸಬೇಕು. ಅದು ಸಂಜೆ ಹೊತ್ತಿಗೆ ಅರಳುವುದು ಪೇಟೆಯಲ್ಲಿ, ಇನ್ಯಾರದೋ ಮುಡಿಯಲ್ಲಿ. ಬೆಳೆದವಳ ಕಣ್ಣಿಗೆ ಅರಳಿದ ಹೂ ಕಂಡರೆ ಅದು ಕಣ್ತಪ್ಪಿ ಗಿಡದಲ್ಲೇ ಉಳಿದದ್ದು, ಅಂದರೆ ನಷ್ಟ. ಕವಿ ಹಾಡಿದ್ದು ಸಂಜೆಯ ಮಲ್ಲಿಗೆಯನ್ನು, ದೊಡ್ಡವ್ವ ಬಲ್ಲದ್ದು ಮುಂಜಾನೆಯ ಮಲ್ಲಿಗೆಯನ್ನು. ಇದರಿಂದ ಕವಿತೆ ಸಣ್ಣದಾಗುವುದಿಲ್ಲ. 1942ರಿಂದ ಇವತ್ತಿನವರೆಗೆ ಆ ಪುಸ್ತಕವನ್ನು ಓದಿದ ಮನೆಗಳಿಗೆ ಲೆಕ್ಕವಿಲ್ಲ, ನಮ್ಮ ಮನೆಯೂ ಅದರಲ್ಲೊಂದು. ಆದರೆ ಮುಂಜಾನೆಯ ಮಲ್ಲಿಗೆಗೆ ಒಂದು ಪುಸ್ತಕ ಬೇಡವೇ?

ಅವಳಿಗೆ ಗೊತ್ತಿದ್ದದ್ದು ಸಣ್ಣ ವಿದ್ಯೆಯಲ್ಲ. ಚಳಿಗಾಲದಲ್ಲಿ ಗಿಡ ಸವರಿ, ನೀರು ನಿಲ್ಲಿಸಿ, ಎಲೆ ಉದುರಿದ ಮೇಲೆ ಬುಡ ಬಿಡಿಸಿ ಗೊಬ್ಬರ ಕೊಟ್ಟು ನೀರು ಬಿಟ್ಟರೆ ಬೇಸಿಗೆಗೆ ಮೊಗ್ಗು ಕಚ್ಚುತ್ತದೆ. “ಗಿಡಕ್ಕೂ ಒಸಿ ಹೊಟ್ಟೆ ಹಸೀಬೇಕು. ದಿನಾ ಕುಡಿಸುದ್ರೆ ಬರೀ ಎಲೆ ಬುಡ್ತದೆ” ಎನ್ನುತ್ತಿದ್ದಳು. ಎಷ್ಟು ದಿನ ಹಸಿಯಬೇಕು ಎಂದರೆ ತಾರೀಕು ಹೇಳುತ್ತಿರಲಿಲ್ಲ. ಕಡ್ಡಿಯನ್ನು ಉಗುರಿನಿಂದ ಕೆರೆದು ತೋರಿಸುತ್ತಿದ್ದಳು.

ಹಿಂದಕ್ಕೆ ಹೋದರೂ ಕಥೆ ಇದೇ. ಚಿಕ್ಕದೇವರಾಜ ಒಡೆಯರ ಕಾಲದ ಶ್ರೀರಂಗಪಟ್ಟಣದಲ್ಲಿ ‘ಹದಿಬದೆಯ ಧರ್ಮ’ ಬರೆದ ಹೊನ್ನಮ್ಮ ಅರಮನೆಯಲ್ಲಿ ಎಲೆಅಡಿಕೆಯ ಸಂಚಿ ಹಿಡಿಯುತ್ತಿದ್ದವಳು. ಸಂಚಿ ಹಿಡಿದವಳ ಹೆಸರು ಪುಣ್ಯಕ್ಕೆ ಉಳಿಯಿತು. ಆ ಸಂಚಿಗೆ ಎಲೆ ಬೆಳೆದುಕೊಟ್ಟವರ ಮಾತು ಉಳಿಯಲಿಲ್ಲ. ನೂರು ವರ್ಷದ ನಂತರ ಅದೇ ದ್ವೀಪದಲ್ಲಿ ಟಿಪ್ಪು 1784ರಲ್ಲಿ ದರಿಯಾ ದೌಲತ್ ಕಟ್ಟಿಸಿದ, ಗಂಜಾಂ ಕಡೆಯ ಲಾಲ್‌ಬಾಗನ್ನು ಬೆಳೆಸಿದ. 1788ರಲ್ಲಿ ಫ್ರಾನ್ಸಿನ ದೊರೆಯನ್ನು ಕಂಡ ಅವನ ರಾಯಭಾರಿಗಳು ಬೇಡಿದ ವಸ್ತುಗಳಲ್ಲಿ ಹೂಗಿಡಗಳ ಬೀಜಗಳೂ ಇದ್ದವು. ಆ ಬೀಜ ಮೊಳೆಯಿಸುವ ಕೈಗಳ ಬಗ್ಗೆ ಚರಿತ್ರೆಯ ಪುಸ್ತಕಗಳು ಮಾತಾಡುವುದಿಲ್ಲ.

ಆ ಕೈಗಳನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿದವನು ಒಬ್ಬ ಪರದೇಶಿ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಬಂದ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಬೆಳ್ಳೂರು, ನಾಗಮಂಗಲ, ಮೇಲುಕೋಟೆ, ತೊಣ್ಣೂರುಗಳನ್ನೆಲ್ಲ ಸುತ್ತಿದ. ಎಷ್ಟು ಸಲ ಉಳುತ್ತೀರಿ, ಎಷ್ಟು ಬೀಜ ಹಾಕುತ್ತೀರಿ, ತೆಂಗು–ಅಡಿಕೆ–ವೀಳ್ಯದೆಲೆ ತೋಟಕ್ಕೆ ಏನೇನು ಮಾಡುತ್ತೀರಿ ಎಂದು ರೈತರನ್ನೇ ಕೇಳಿ ಬರೆದುಕೊಂಡ. ಅದು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಕಂಪನಿಗೆ ಬೇಕಿದ್ದದ್ದು ಗೆದ್ದ ನೆಲದ ಹುಟ್ಟುವಳಿಯ ಲೆಕ್ಕ, ನಿಜ. ಆದರೂ ನಮ್ಮ ಮುತ್ತಜ್ಜಂದಿರ ಬೇಸಾಯವನ್ನು ತಿಳಿಯಲು ನಾವು ಇವತ್ತಿಗೂ ಅವನ ಇಂಗ್ಲಿಷಿಗೇ ಮೊರೆ ಹೋಗಬೇಕು. ವಿದೇಶಿ ಯಾತ್ರಿಕರ ಬರಹಗಳನ್ನು ‘ಪ್ರವಾಸಿ ಕಂಡ ಇಂಡಿಯಾ’ ಎಂದು ಎಂಟು ಸಂಪುಟಗಳಲ್ಲಿ ಕನ್ನಡಕ್ಕೆ ತಂದವರೂ ಹೆರಗನಹಳ್ಳಿಯ ನಾಗೇಗೌಡರೇ. ಹೊರಗಿನವರ ಮಾತನ್ನು ಒಳಗೆ ತಂದ ಅವರೇ ಒಳಗಿನವರ ಹಾಡುಗಳನ್ನೂ ಊರೂರು ಅಲೆದು ಕೂಡಿಟ್ಟು, ಕೊನೆಗೆ ರಾಮನಗರದ ಬಳಿ ಜಾನಪದ ಲೋಕವನ್ನೇ ಕಟ್ಟಿದರು.

ಕನ್ನಡದಲ್ಲಿ ಇಂಥ ಪುಸ್ತಕವೇ ಇಲ್ಲವೆನ್ನುವಂತಿಲ್ಲ. ಸುಮಾರು 1025ರ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅಡುಗೆ, ಸುಗಂಧ, ಅಂತರ್ಜಲಗಳ ಜೊತೆಗೆ ವೃಕ್ಷಾಯುರ್ವೇದಕ್ಕೂ ಒಂದು ಅಧ್ಯಾಯವಿದೆ. ನಮ್ಮ ಕಾಲಕ್ಕೆ ಬಂದರೆ ಬಿ.ಜಿ.ಎಲ್. ಸ್ವಾಮಿ. ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದ ಕಥೆ ಹೇಳುತ್ತಲೇ ಸಸ್ಯಶಾಸ್ತ್ರ ಕಲಿಸಿದ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಅವರ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ’ ಓದಿದ ಮೇಲೆ ದೊಡ್ಡವ್ವನ ಹಿತ್ತಲು ನನಗೆ ಬೇರೆಯಾಗಿ ಕಂಡಿತು. ಅವಳು ‘ಪರಂಗಿ ಹಣ್ಣು’, ‘ಸೀಮೆಬದನೆ’ ಎಂದು ಕರೆಯುವಾಗ ಸಮುದ್ರ ದಾಟಿ ಬಂದ ಗಿಡಗಳ ಚರಿತ್ರೆಯನ್ನೇ ಹೇಳುತ್ತಿದ್ದಳು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಗಿಡಕ್ಕಿಂತ ಹೆಚ್ಚಾಗಿ ಹಿತ್ತಲ ಮಾತಿಗೆ ಒಪ್ಪುತ್ತದೆ.

ತೋಟದವರ ತಿಳಿವಳಿಕೆ ನಮ್ಮಲ್ಲಿ ಉಳಿದಿರುವುದು ಹೆಚ್ಚಾಗಿ ಕಥೆಗಳಲ್ಲಿ. ಎ.ಕೆ. ರಾಮಾನುಜನ್ ಸಂಗ್ರಹಿಸಿ ಲೋಕಕ್ಕೆಲ್ಲ ಪರಿಚಯಿಸಿದ, ಗಿರೀಶ ಕಾರ್ನಾಡರು 1992ರಲ್ಲಿ ‘ಚೆಲುವಿ’ ಎಂದು ಸಿನಿಮಾ ಮಾಡಿದ ಕನ್ನಡದ ಜನಪದ ಕಥೆ ನೆನಪಿರಬಹುದು. ಬಡವರ ಹುಡುಗಿ ಬಿಂದಿಗೆ ನೀರು ಹೊಯ್ಯಿಸಿಕೊಂಡು ಹೂವಿನ ಮರವಾಗುತ್ತಾಳೆ. ಹೂ ಕಿತ್ತಾದ ಮೇಲೆ ಮತ್ತೊಂದು ಬಿಂದಿಗೆ ನೀರಿಗೆ ಮನುಷ್ಯಳಾಗುತ್ತಾಳೆ. ಅಕ್ಕನಿಗೆ ಅವಳು ಹೇಳುವುದು ಒಂದೇ: ಹೂ ಬಿಡಿಸು, ಆದರೆ ಎಲೆ, ಚಿಗುರು, ರೆಂಬೆಗೆ ನೋವಾಗದಿರಲಿ. ಮದುವೆಯಾದ ಮೇಲೆ ನಾದಿನಿ ಮತ್ತವಳ ಗೆಳತಿಯರು ಆಟಕ್ಕೆಂದು ರೆಂಬೆ ಮುರಿಯುತ್ತಾರೆ. ಹುಡುಗಿ ಕೈಕಾಲಿಲ್ಲದ ಮುಂಡವಾಗಿ ಮೋರಿಗೆ ಬೀಳುತ್ತಾಳೆ. ಕೊನೆಗೆ ಗಂಡ ಮುರಿದ ರೆಂಬೆಗಳನ್ನು ಒಂದೊಂದಾಗಿ ಸರಿಪಡಿಸಿ ನೀರು ಹೊಯ್ದಾಗ ಅವಳು ಮತ್ತೆ ಅವಳಾಗುತ್ತಾಳೆ. ಇದನ್ನು ಹೆಣ್ಣಿನ ಕಥೆಯೆಂದು ಓದಿದ್ದೇವೆ, ಅದು ಸರಿ. ಜೊತೆಗೆ ಇದು ಹೂ ಬಿಡಿಸುವವರ ಕಥೆಯೂ ಹೌದು. ತೊಟ್ಟನ್ನು ಹೇಗೆ ಹಿಡಿಯಬೇಕೆಂದು ಗೊತ್ತಿದ್ದವರೇ ಇದನ್ನು ಕಟ್ಟಿರಬೇಕು.

ದೊಡ್ಡವ್ವನ ಮಲ್ಲಿಗೆ ಈಗಿಲ್ಲ. ಭಾಗವಾದ ಮೇಲೆ ಅರ್ಧ ಎಕರೆ ಸೈಟುಗಳಾಯಿತು. ಗೂಟಗಳ ಮೇಲೆ ನಂಬರ್ ಬರೆದಿದ್ದಾರೆ. ಮಾರಿದವರನ್ನು ದೂರಲಾರೆ. ಹೂವಿನ ರೇಟು ಒಂದು ದಿನ ಏರಿ ಮೂರು ದಿನ ಇಳಿಯುವುದನ್ನು ನೋಡಿದವರು ಅವರು, ಮಕ್ಕಳ ಫೀಸು ಕಟ್ಟಬೇಕಾದವರೂ ಅವರೇ. ಆದರೆ ನೆಲ ಮಾರಿದಾಗ ಪತ್ರದಲ್ಲಿ ಬರೆಯದ ಒಂದು ವಸ್ತುವೂ ಹೋಗುತ್ತದೆ. ಕಡ್ಡಿ ಕೆರೆದು ಹಸಿವು ಅಳೆಯುವ ಉಗುರಿಗೆ ಈಗ ಕೆಲಸವಿಲ್ಲ, ಅವಳಿಗೆ ಎಪ್ಪತ್ತಾರು ವರ್ಷ.

1988ರಲ್ಲಿ ಪುತ್ತೂರಿನಲ್ಲಿ ಶುರುವಾದ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ತೋಟದವರು ತಮ್ಮ ಅನುಭವ ತಾವೇ ಬರೆದರು. ನಮ್ಮ ಬಯಲುಸೀಮೆಯಲ್ಲಿ ಹೂ ಬೆಳೆಯುವ ಎಷ್ಟೋ ಹೆಂಗಸರಿಗೆ ಬರೆದು ರೂಢಿಯಿಲ್ಲ, ಹೇಳಿ ರೂಢಿ. ಹಾಗಾಗಿ ಓದಿದ ನಾವು ಬರೆದುಕೊಳ್ಳಬೇಕು. ಬುಕಾನನ್ ಕೇಳಿದಂತೆಯೇ ಬಿಡಿಬಿಡಿಯಾಗಿ ಕೇಳಬೇಕು, ಅವಳ ಮಾತಿನಲ್ಲೇ ಬರೆಯಬೇಕು. ಕನ್ನಡ ಓದುತ್ತಿರುವ ವಿದ್ಯಾರ್ಥಿಗಳು ಪ್ರಬಂಧಕ್ಕೆ ವಿಷಯ ಹುಡುಕುವಾಗ ತಮ್ಮೂರ ಒಂದು ಹಿತ್ತಲಲ್ಲಿ ನಾಲ್ಕು ದಿನ ಕೂತರೂ ಸಾಕು.

ನಾನು ಇನ್ನೂರು ಪುಟದ ಒಂದು ನೋಟುಬುಕ್ಕು ಇಟ್ಟಿದ್ದೇನೆ. ಇಲ್ಲಿಯವರೆಗೆ ಮೂವತ್ತೊಂದು ಪುಟ ತುಂಬಿದೆ. ಸವರುವ ಕಾಲ, ಗೊಬ್ಬರ, ಮೊಗ್ಗು ಕೊರೆಯುವ ಹುಳ, ದಾರ ಕಟ್ಟುವ ಬಗೆ ಆಗಿವೆ. ಕನಕಾಂಬರ, ಕಾಕಡ, ಮರುಗ ಬಾಕಿ. ಹೋದ ವಾರ ದೊಡ್ಡವ್ವ ತಾನೇ ಫೋನು ಮಾಡಿ, “ಬಚ್ಚಲ ನೀರು ಬಾಳೆಗೆ ಹೆಂಗೆ ಬುಡಬೇಕು ಅಂತ ಬರೆದಿದ್ದೀಯಾ?” ಎಂದು ಕೇಳಿದಳು. ಬರೆದಿರಲಿಲ್ಲ. ಈ ಭಾನುವಾರ ಹೋಗುತ್ತಿದ್ದೇನೆ.